ಗೊರಕೆ ಒಬ್ಬರದು, ನಿದ್ದೆಗೇಡು ಇಬ್ಬರದು

ಗೊರಕೆಯ ಬಗ್ಗೆ ನಡೆದ ಸಂಶೋಧನೆಗಳಲ್ಲಿ ಹೆಚ್ಚಿನವು ಗೊರಕೆ ಹೊಡೆಯುವವರ ಸುತ್ತಲೇ ಸುತ್ತುತ್ತವೆ. ಅವರ ತೂಕ ಎಷ್ಟು, ಕುತ್ತಿಗೆಯ ಸುತ್ತಳತೆ ಎಷ್ಟು, ರಕ್ತದೊತ್ತಡ ಹೇಗಿದೆ, ಹೃದಯ ಹೇಗಿದೆ ಎಂಬುದೇ ಅಲ್ಲಿನ ಲೆಕ್ಕ. ಸ್ವೀಡನ್ನಿನ ಅವೆಸ್ತಾ ಎಂಬ ಸಣ್ಣ ಊರಿನ ಆಸ್ಪತ್ರೆಯ ವೈದ್ಯ ಯಾನ್ ಉಲ್ಫ್‌ಬರ್ಗ್ ಮತ್ತು ಅವರ ಸಂಗಡಿಗರು ಆ ಲೆಕ್ಕವನ್ನು ಮಂಚದ ಇನ್ನೊಂದು ಬದಿಗೂ ಒಯ್ದರು. ಊರು ಸೇರಿರುವ ಡಾಲಾರ್ನಾ ಪ್ರಾಂತ್ಯದಲ್ಲಿ 30ರಿಂದ 64 ವರ್ಷದೊಳಗಿನ ಸುಮಾರು ಒಂದು ಸಾವಿರ ಮಹಿಳೆಯರನ್ನು ಪ್ರಶ್ನಾವಳಿಯ ಮೂಲಕ ಅವರು ವಿಚಾರಿಸಿದರು. ನಿಮ್ಮ ಜೊತೆ ಮಲಗುವವರು ಗೊರಕೆ ಹೊಡೆಯುತ್ತಾರೆಯೇ, ನಿಮ್ಮ ನಿದ್ದೆ ಹೇಗಿದೆ, ಬೆಳಿಗ್ಗೆ ಎದ್ದಾಗ ಹೇಗಿರುತ್ತೀರಿ ಎಂಬಂಥ ಪ್ರಶ್ನೆಗಳವು. 2000ದಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಜೋರು ಗೊರಕೆಯವರ ಜೊತೆ ಬಾಳುವ ಹೆಂಗಸರಲ್ಲಿ ನಿದ್ರಾಹೀನತೆ, ಬೆಳಗಿನ ತಲೆನೋವು, ಹಗಲಿನ ತೂಕಡಿಕೆ ಇವೆಲ್ಲ ಉಳಿದವರಿಗಿಂತ ಹೆಚ್ಚಾಗಿ ಕಂಡವು. ಗೊರಕೆ ಹೊಡೆಯುವವರಲ್ಲಿ ವೈದ್ಯರು ಹುಡುಕುವ ಲಕ್ಷಣಗಳೇ ಬಹುಪಾಲು ಅವರ ಪಕ್ಕದಲ್ಲಿ ಮಲಗಿದವರಲ್ಲೂ ಇದ್ದವು. ಗೊರಕೆಯನ್ನು ಒಬ್ಬರ ದೇಹದ ದೋಷವೆಂದು ನೋಡುವುದನ್ನು ಬಿಟ್ಟು, ಇಬ್ಬರ ಆರೋಗ್ಯದ ಪ್ರಶ್ನೆಯೆಂದು ನೋಡಬೇಕು. ಪರೀಕ್ಷೆ, ಚಿಕಿತ್ಸೆ, ಖರ್ಚು, ಫಲಿತಾಂಶದ ಅಳತೆ ಎಲ್ಲದರಲ್ಲೂ ಎರಡನೆಯವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈ ಲೇಖನದ ವಾದ ಇಷ್ಟೇ.

ಮೊದಲು ಸದ್ದು ಹುಟ್ಟುವ ಬಗೆ. ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳ ಆಸರೆ ಇದೆ. ಅದರ ಮೇಲಿರುವ ಗಂಟಲಿನ ಭಾಗಕ್ಕೆ ಅಂಥ ಆಸರೆ ಇಲ್ಲ. ಉಸಿರಿನ ದಾರಿಯನ್ನು ಅಲ್ಲಿ ತೆರೆದಿಡುವುದು ಸ್ನಾಯುಗಳ ಬಿಗಿ. ನಿದ್ದೆ ಹತ್ತಿದಾಗ ಆ ಬಿಗಿ ಸಡಿಲವಾಗುತ್ತದೆ, ಅಂಗಾತ ಮಲಗಿದರೆ ನಾಲಿಗೆಯ ಬುಡ ಹಿಂದಕ್ಕೆ ಸರಿಯುತ್ತದೆ. ಇಕ್ಕಟ್ಟಾದ ದಾರಿಯಲ್ಲಿ ನುಗ್ಗುವ ಗಾಳಿಗೆ ಮೃದು ಅಂಗುಳ ಮತ್ತು ಕಿರುನಾಲಿಗೆ ಅದುರಿ ಸದ್ದಾಗುತ್ತದೆ. ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಸಂಸ್ಥೆ ಮತ್ತು ಉತ್ತರದ ಉಮೆಯೊ ವಿಶ್ವವಿದ್ಯಾಲಯದ ಸಂಶೋಧಕರು ಬಹುಕಾಲ ಗೊರಕೆ ಹೊಡೆದವರ ಅಂಗುಳದ ನರ ಮತ್ತು ಸ್ನಾಯುಗಳಲ್ಲಿ ಹಾನಿಯ ಗುರುತುಗಳನ್ನು ಕಂಡಿದ್ದಾರೆ. ವರ್ಷಗಟ್ಟಲೆ ಅದುರಿದ್ದರ ಪೆಟ್ಟು ಅದು ಎಂಬುದು ಅವರ ಅಂದಾಜು. ಇದು ನಿಜವಾದರೆ ಗೊರಕೆಯೇ ಮುಂದಿನ ಗೊರಕೆಗೆ ದಾರಿ ಮಾಡುತ್ತದೆ, ಹಾಗೇ ಬಿಟ್ಟಷ್ಟೂ ಹೆಚ್ಚುತ್ತದೆ. ಇದು ಅಪರೂಪದ ತೊಂದರೆಯೂ ಅಲ್ಲ. ಸ್ವೀಡನ್ನಿನ ಉಪ್ಸಲಾ ನಗರದ ಗಂಡಸರ ನಡುವೆ ನಡೆದು 1988ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 15ಕ್ಕೂ ಹೆಚ್ಚು ಜನ ತಾವು ಸದಾ ಗೊರಕೆ ಹೊಡೆಯುವವರೆಂದು ಹೇಳಿದ್ದರು. ಅದೇ ಊರಿನ ಸುಮಾರು 7 ಸಾವಿರ ಮಹಿಳೆಯರ ಅಧ್ಯಯನ 2006ರಲ್ಲಿ ಬಂದಾಗ ಅವರಲ್ಲಿ ಶೇ 7.6ರಷ್ಟು ಜನ ಹಾಗೆ ಹೇಳಿದರು.

ಅವೆಸ್ತಾದ ಅಧ್ಯಯನವನ್ನು ಪ್ರಶ್ನಿಸುವವರ ಮಾತಿನಲ್ಲಿ ಹುರುಳಿದೆ. ಅದು ಪ್ರಶ್ನಾವಳಿಯನ್ನು ನೆಚ್ಚಿದ ಅಧ್ಯಯನ. ಮೊದಲೇ ನಿದ್ದೆ ಬಾರದವರಿಗೆ ಪಕ್ಕದವರ ಗೊರಕೆ ಹೆಚ್ಚು ಕೇಳಿಸುವುದು ಸಹಜ. ಹಾಗಿರುವಾಗ ಗೊರಕೆಯಿಂದ ನಿದ್ದೆ ಕೆಟ್ಟಿತೋ, ನಿದ್ದೆ ಬಾರದ್ದರಿಂದ ಗೊರಕೆ ಕೇಳಿಸಿತೋ ಎಂದು ಕೇಳಬಹುದು. ಇದಕ್ಕೆ ಉತ್ತರವು ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಿಗುತ್ತದೆ. ಅಲ್ಲಿ 10 ದಂಪತಿಗಳನ್ನು ಪ್ರಯೋಗಾಲಯದಲ್ಲಿ ಮಲಗಿಸಿ ಇಬ್ಬರ ನಿದ್ದೆಯನ್ನೂ ಒಟ್ಟಿಗೆ ದಾಖಲಿಸಿದರು. ಅರ್ಧ ರಾತ್ರಿ ಕಳೆದ ಮೇಲೆ ಗೊರಕೆ ಹೊಡೆಯುವ ಗಂಡನಿಗೆ ಗಾಳಿಯೊತ್ತಡದ ಮುಖವಾಡ ಹಾಕಿ ಸದ್ದು ನಿಲ್ಲಿಸಿದರು. ಹೆಂಡತಿಗೆ ಯಾವ ಚಿಕಿತ್ಸೆಯೂ ಇರಲಿಲ್ಲ. ಆದರೂ ಗಂಟೆಗೆ 21 ಸಲ ಕದಡುತ್ತಿದ್ದ ಆಕೆಯ ನಿದ್ದೆ 12ಕ್ಕೆ ಇಳಿಯಿತು. ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ನಿಜವಾಗಿ ನಿದ್ದೆಯಾದ ಪಾಲು ಶೇ 74ರಿಂದ 87ಕ್ಕೆ ಏರಿತು. ಎಂಟು ಗಂಟೆಯ ರಾತ್ರಿಗೆ ಇದು ಒಂದು ಗಂಟೆಗೂ ಮಿಕ್ಕ ನಿದ್ದೆ. ಹತ್ತೇ ಜೋಡಿ, ಒಂದೇ ರಾತ್ರಿ ಎಂಬ ಮಿತಿ ಇದಕ್ಕಿದೆ ನಿಜ. ಆದರೆ ಸದ್ದು ನಿಂತ ಕೂಡಲೇ ಅದೇ ವ್ಯಕ್ತಿಯ ನಿದ್ದೆ ಸುಧಾರಿಸಿದ್ದನ್ನು ಯಂತ್ರವೇ ದಾಖಲಿಸಿದ ಮೇಲೆ, ಕಾರಣ ಯಾವುದು ಪರಿಣಾಮ ಯಾವುದು ಎಂಬ ಗೊಂದಲ ಬಹುಮಟ್ಟಿಗೆ ತಿಳಿಯಾಗುತ್ತದೆ.

ಗೊರಕೆ ಸಂಸಾರದೊಳಗೆ ಹುಳಿ ಹಿಂಡುವ ಬಗೆಯೂ ವಿಶಿಷ್ಟ. ಹೊಡೆಯುವವರಿಗೆ ಅದು ಕೇಳಿಸುವುದಿಲ್ಲ, ಕೇಳಿಸಿಕೊಂಡವರ ಬಳಿ ಪುರಾವೆ ಇಲ್ಲ. ಒಬ್ಬರು ‘ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ’ ಎಂದರೆ ಇನ್ನೊಬ್ಬರು ‘ನಾನೆಲ್ಲಿ ಗೊರಕೆ ಹೊಡೆದೆ’ ಎನ್ನುತ್ತಾರೆ. ತಪ್ಪು ಮಾಡದೆಯೇ ಆರೋಪ ಹೊತ್ತ ಭಾವ ಒಂದು ಕಡೆ, ನರಳಿದರೂ ನಂಬುವವರಿಲ್ಲ ಎಂಬ ನೋವು ಇನ್ನೊಂದು ಕಡೆ. ನಿದ್ದೆಗೆಟ್ಟ ಮನಸ್ಸು ಮೊದಲೇ ಸಿಡುಕು. ಹಾಲು ಉಕ್ಕಿದ್ದು, ಬಿಲ್ ಕಟ್ಟದ್ದು ಎಲ್ಲವೂ ಆಗ ಜಗಳಕ್ಕೆ ನೆಪವಾಗುತ್ತವೆ. ಹೆಂಗಸರೇ ಗೊರಕೆ ಹೊಡೆಯುವವರಾದರೆ ನಾಚಿಕೆಯೂ ಸೇರಿಕೊಳ್ಳುತ್ತದೆ. ಗೊರಕೆ ಗಂಡಸರ ಲಕ್ಷಣವೆಂಬ ನಂಬಿಕೆ ಎಷ್ಟು ಆಳವಾಗಿದೆಯೆಂದರೆ, ಅನೇಕ ಹೆಣ್ಣುಮಕ್ಕಳು ವೈದ್ಯರ ಮುಂದೆ ಸುಸ್ತು, ತಲೆನೋವು, ಬೇಸರ ಎಲ್ಲ ಹೇಳಿ ಗೊರಕೆಯೊಂದನ್ನು ಮಾತ್ರ ನುಂಗಿಕೊಳ್ಳುತ್ತಾರೆ. ಉಮೆಯೊದಲ್ಲಿ ಕಾರ್ಲ್ ಫ್ರಾಂಕ್ಲಿನ್ ಮತ್ತು ಸಂಗಡಿಗರು ಸುಮಾರು 500 ಬಾಣಂತಿಯರನ್ನು ವಿಚಾರಿಸಿ 2000ದಲ್ಲಿ ಪ್ರಕಟಿಸಿದ ವರದಿ ಇಲ್ಲಿ ಮುಖ್ಯ. ಬಸುರಿಗೆ ಮುಂಚೆ ಸದಾ ಗೊರಕೆ ಹೊಡೆಯುತ್ತಿದ್ದವರು ಶೇ 4 ಮಾತ್ರ. ಹೆರಿಗೆಯ ಹಿಂದಿನ ವಾರದಲ್ಲಿ ಅದು ಶೇ 23 ಆಗಿತ್ತು. ಗೊರಕೆ ಇದ್ದವರಲ್ಲಿ ಶೇ 14 ಮಂದಿಗೆ ಬಸುರಿನ ರಕ್ತದೊತ್ತಡ ಕಾಣಿಸಿದರೆ ಉಳಿದವರಲ್ಲಿ ಶೇ 6. ಬಸುರಿ ಹೆಂಡತಿ ಹೊಸದಾಗಿ ಗೊರಕೆ ಹೊಡೆಯತೊಡಗಿದರೆ ಅದನ್ನು ಮೊದಲು ಗಮನಿಸುವವನು ಗಂಡ. ನಕ್ಕು ಸುಮ್ಮನಾಗದೆ ಮುಂದಿನ ತಪಾಸಣೆಯಲ್ಲಿ ಡಾಕ್ಟರಿಗೆ ಹೇಳಿ, ಬಿ.ಪಿ. ನೋಡಿಸುವುದು ಅವನ ಕೆಲಸ.

ಪಕ್ಕದಲ್ಲಿ ಮಲಗಿದವರು ನೊಂದವರು ಮಾತ್ರವಲ್ಲ, ಸಾಕ್ಷಿಯೂ ಹೌದು. ಗೊರಕೆಯ ನಡುವೆ ಸದ್ದು ನಿಂತು, ಉಸಿರೇ ಇಲ್ಲದಂತಾಗಿ, ಆಮೇಲೆ ಬೆಚ್ಚಿಬಿದ್ದಂತೆ ಗೊರ್ರೆಂದು ಉಸಿರು ಮರಳುವುದನ್ನು ಕಾಣುವವರು ಅವರೇ. ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯ ಮುಖ್ಯ ಸುಳಿವು ಇದು. ಸ್ವೀಡನ್ನಿನಲ್ಲಿ ಇದರ ಪರೀಕ್ಷೆಗೆ ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ. ಬಡಾವಣೆಯ ಆರೋಗ್ಯ ಕೇಂದ್ರದ ವೈದ್ಯರು ಬರೆದುಕೊಟ್ಟರೆ ನಿದ್ದೆಯ ವಿಭಾಗದವರು ಅಂಗೈಯಗಲದ ಒಂದು ಯಂತ್ರ ಕೊಟ್ಟು ಕಳಿಸುತ್ತಾರೆ. ಮೂಗಿನ ಕೆಳಗೆ ತೆಳುವಾದ ಕೊಳವೆ, ಎದೆಗೊಂದು ಹೊಟ್ಟೆಗೊಂದು ಪಟ್ಟಿ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಹಾಕಿಕೊಂಡು ಮನೆಯ ಹಾಸಿಗೆಯಲ್ಲೇ ಮಲಗಿ, ಮರುದಿನ ಯಂತ್ರ ಹಿಂದಿರುಗಿಸಿದರಾಯಿತು. ಕಂಪ್ಯೂಟರಿನ ಪರದೆಯ ಮೇಲೆ ಆ ರಾತ್ರಿ ಗೆರೆಗಳಾಗಿ ತೆರೆದುಕೊಳ್ಳುತ್ತದೆ. ಮೂಗಿನ ಗಾಳಿಯ ಗೆರೆ ಏಳುತ್ತ ಬೀಳುತ್ತ ಬಂದು ಒಂದೆಡೆ ಸಪಾಟಾಗುತ್ತದೆ. ಅದೇ ಹೊತ್ತಿಗೆ ಎದೆ ಮತ್ತು ಹೊಟ್ಟೆಯ ಗೆರೆಗಳು ಏದುಸಿರು ಬಿಡುವಂತೆ ಹೊಯ್ದಾಡುತ್ತಲೇ ಇರುತ್ತವೆ: ದೇಹ ಉಸಿರೆಳೆಯಲು ಹೆಣಗುತ್ತಿದೆ, ದಾರಿ ಮುಚ್ಚಿದೆ. ಸ್ವಲ್ಪ ಹೊತ್ತಿನಲ್ಲೇ ಆಮ್ಲಜನಕದ ಗೆರೆ ಇಳಿಜಾರಿಗೆ ಬೀಳುತ್ತದೆ. ಮಿದುಳು ಅರೆ ಎಚ್ಚರಗೊಂಡಾಗ ಗಾಳಿಯ ಗೆರೆ ಒಮ್ಮೆಗೇ ಚಿಮ್ಮುತ್ತದೆ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತಿನ ಇಂಥ ತಡೆ ಗಂಟೆಗೆ 5 ಸಲ ದಾಟಿದರೆ ಆಪ್ನಿಯಾ ಎನ್ನುತ್ತಾರೆ, 30 ದಾಟಿದರೆ ತೀವ್ರ. ಹೆಂಡತಿಯೋ ಗಂಡನೋ ರಾತ್ರಿಯೆಲ್ಲ ಕಂಡದ್ದನ್ನೇ ಈ ಗೆರೆಗಳು ಹೇಳುತ್ತವೆ.

ಇಲ್ಲಿ ಇನ್ನೊಂದು ಆಕ್ಷೇಪ ಎದುರಾಗುತ್ತದೆ. ಮನುಷ್ಯರು ಹುಟ್ಟಿದಾಗಿನಿಂದ ಗೊರಕೆ ಹೊಡೆಯುತ್ತಿದ್ದಾರೆ, ಅದನ್ನೂ ಕಾಯಿಲೆ ಮಾಡಿ ಯಂತ್ರ ಮಾರುವುದು ಯಾಕೆ ಎಂಬುದು. ಫ್ರಾಂಕ್ಲಿನ್, ಎವಾ ಲಿಂಡ್‌ಬರ್ಗ್ ಮತ್ತು ಸಂಗಡಿಗರು ಉಪ್ಸಲಾದ 20ರಿಂದ 70 ವರ್ಷದ 400 ಮಹಿಳೆಯರ ನಿದ್ದೆ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಂಕಿ ಈ ಆಕ್ಷೇಪಕ್ಕೆ ಬಲ ಕೊಡುತ್ತದೆ. ಗಂಟೆಗೆ 5 ತಡೆ ಎಂಬ ಗೆರೆ ಹಾಕಿದರೆ ಅವರಲ್ಲಿ ಅರ್ಧದಷ್ಟು ಜನ ಆಪ್ನಿಯಾ ಇರುವವರ ಪಟ್ಟಿಗೆ ಸೇರುತ್ತಾರೆ. ಅರ್ಧ ಜನಕ್ಕೆ ಇರುವುದನ್ನು ಕಾಯಿಲೆ ಎನ್ನಬಹುದೇ? ಹೃದ್ರೋಗದ ಲೆಕ್ಕವೂ ನಿರಾಸೆಯದೇ. 2016ರಲ್ಲಿ ಬಂದ ಎರಡು ಪ್ರಯೋಗಗಳು, 2,700ಕ್ಕೂ ಹೆಚ್ಚು ರೋಗಿಗಳ ಅಂತರರಾಷ್ಟ್ರೀಯ ‘ಸೇವ್’ ಮತ್ತು ಸ್ವೀಡನ್ನಿನದೇ ಆದ ‘ರಿಕಾಡ್ಸಾ’, ಗಾಳಿಯೊತ್ತಡದ ಯಂತ್ರ ಪಡೆದವರಲ್ಲಿ ಒಟ್ಟಾರೆಯಾಗಿ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾದದ್ದನ್ನು ತೋರಿಸಲಿಲ್ಲ. ಈ ಎರಡೂ ಸಂಗತಿಯನ್ನು ಒಪ್ಪಿಕೊಳ್ಳಬೇಕು. ಆದರೆ ಇವುಗಳಿಂದ ಹೊರಡುವ ತೀರ್ಮಾನ ‘ಗೊರಕೆಯನ್ನು ಮರೆತುಬಿಡಿ’ ಎಂಬುದಲ್ಲ. ಬರೀ ಅಂಕಿ ನೋಡಿ ಚಿಕಿತ್ಸೆ ಕೊಡಬೇಡಿ, ತೊಂದರೆ ನೋಡಿ ಕೊಡಿ ಎಂಬುದು. ತೊಂದರೆ ಎಂದರೆ ಹಗಲಿನ ತೂಕಡಿಕೆ, ಇಳಿಯದ ರಕ್ತದೊತ್ತಡ, ಗಾಡಿ ಓಡಿಸುವಾಗಿನ ಅಪಾಯ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಸಂಶೋಧಕರು ಸುಮಾರು ಒಂದೂವರೆ ಸಾವಿರ ಆಪ್ನಿಯಾ ರೋಗಿಗಳನ್ನು ದೇಶದ ರಸ್ತೆ ಅಪಘಾತಗಳ ದಾಖಲೆಯೊಂದಿಗೆ ಹೋಲಿಸಿ 2015ರಲ್ಲಿ ಹೇಳಿದ್ದು ಇದನ್ನೇ: ಅವರ ಅಪಘಾತದ ಅಪಾಯ ಸಾಮಾನ್ಯರಿಗಿಂತ ಎರಡೂವರೆ ಪಟ್ಟು, ರಾತ್ರಿಗೆ ನಾಲ್ಕು ತಾಸಾದರೂ ಯಂತ್ರ ಬಳಸಿದವರಲ್ಲಿ ಅಪಘಾತಗಳು ಮೂರನೇ ಒಂದರಷ್ಟಕ್ಕೆ ಇಳಿದವು. ಆ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂರುವವರು ಹೆಚ್ಚಾಗಿ ರಾತ್ರಿ ಪಕ್ಕದಲ್ಲಿ ಮಲಗಿದವರೇ. ತೊಂದರೆಯ ಪಟ್ಟಿಗೆ ನಾಲ್ಕನೆಯದಾಗಿ ಅವರ ನಿದ್ದೆಯೂ ಸೇರಬೇಕು.

ಅದು ಸೇರಿಲ್ಲ ಎಂಬುದಕ್ಕೆ ಸ್ವೀಡನ್ನಿನದೇ ಸಾಕ್ಷಿ. ಉಮೆಯೊದ ದಂತವೈದ್ಯೆ ಮಾರಿ ಮಾರ್ಕ್‌ಲುಂಡ್ ಮತ್ತು ತಂಡದವರು ಬರೀ ಗೊರಕೆ ಅಥವಾ ಸೌಮ್ಯ, ಮಧ್ಯಮ ಆಪ್ನಿಯಾ ಇದ್ದ 96 ಜನರ ಮೇಲೆ ಬಾಯಿಯ ಸಾಧನವೊಂದನ್ನು ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೇಲಿನ ಮತ್ತು ಕೆಳಗಿನ ಹಲ್ಲುಗಳ ಅಚ್ಚು ತೆಗೆದು ಮಾಡುವ ಈ ಸಾಧನ ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಹಿಡಿದಿಡುತ್ತದೆ. ದವಡೆಯ ಜೊತೆ ನಾಲಿಗೆಯೂ ಮುಂದೆ ಬಂದು ಗಂಟಲಿನ ದಾರಿ ಅಗಲವಾಗುತ್ತದೆ. ಅರ್ಧ ಜನಕ್ಕೆ ನಿಜವಾದ ಸಾಧನ, ಉಳಿದರ್ಧಕ್ಕೆ ದವಡೆ ಸರಿಸದ ತೋರಿಕೆಯ ಸಾಧನ. ನಾಲ್ಕು ತಿಂಗಳ ನಂತರ ನಿಜವಾದದ್ದನ್ನು ಹಾಕಿಕೊಂಡವರಲ್ಲಿ ಉಸಿರಿನ ತಡೆ ಗಂಟೆಗೆ ಸುಮಾರು 7, ಇನ್ನೊಂದು ಗುಂಪಿನಲ್ಲಿ ಸುಮಾರು 17. ಗೊರಕೆಯೂ ತಗ್ಗಿತ್ತು. ಆದರೆ ರೋಗಿಯ ಹಗಲಿನ ತೂಕಡಿಕೆಯಲ್ಲಾಗಲಿ ಬದುಕಿನ ಗುಣಮಟ್ಟದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಈ ಫಲಿತಾಂಶವನ್ನು ಎರಡು ರೀತಿ ಓದಬಹುದು. ರೋಗಿಯೊಬ್ಬರನ್ನೇ ನೋಡಿದರೆ, ಅವರಿಗೆ ಏನೂ ಅನ್ನಿಸದಿರುವಾಗ ಸಾಧನಕ್ಕೆ ಯಾಕೆ ಖರ್ಚು ಎನ್ನಬಹುದು. ಇಬ್ಬರನ್ನೂ ನೋಡಿದರೆ, ಮನೆಯಲ್ಲಿ ಗೊರಕೆ ತಗ್ಗಿದೆ, ಅದನ್ನು ಕೇಳುತ್ತ ಎಚ್ಚರವಿದ್ದವರಿಗೆ ಸಿಕ್ಕ ಲಾಭ ಯಾರ ಪಟ್ಟಿಯಲ್ಲೂ ಬರೆದಿಲ್ಲ ಎಂದು ತಿಳಿಯುತ್ತದೆ. ಸಾರ್ವಜನಿಕ ಆರೋಗ್ಯ ವ್ಯವಸ್ಥೆಯೂ ಮೊದಲ ರೀತಿಯಲ್ಲೇ ಓದುತ್ತದೆ. ಆಪ್ನಿಯಾ ಇದೆಯೆಂದು ಪರೀಕ್ಷೆಯಲ್ಲಿ ಸಾಬೀತಾದರೆ ಸ್ವೀಡನ್ನಿನಲ್ಲಿ ಚಿಕಿತ್ಸೆಯ ಹೊರೆಯ ದೊಡ್ಡ ಪಾಲು ಸರ್ಕಾರದ್ದು. ಬರೀ ಗೊರಕೆ ಎಂದಾದರೆ ಸಾಧನದ ಖರ್ಚು ಸಾಮಾನ್ಯವಾಗಿ ಕೈಯಿಂದಲೇ. ಬೊಕ್ಕಸ ಹಿಡಿದವರಿಗೆ ಎಲ್ಲೋ ಒಂದು ಗೆರೆ ಎಳೆಯಲೇಬೇಕು, ಸರಿ. ಆದರೆ ಹಗಲಿಡೀ ತಲೆನೋವಿನಿಂದ ದುಡಿಯುವ ಹೆಂಡತಿಯ ನಿದ್ದೆಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲದಿರುವುದು ಅನ್ಯಾಯ.

ಹಾಗಾದರೆ ಏನು ಮಾಡಬಹುದು? ಖರ್ಚಿಲ್ಲದ ದಾರಿಗಳಿಂದಲೇ ಶುರು ಮಾಡುವುದು ಒಳ್ಳೆಯದು. ಅಂಗಾತ ಮಲಗಿದಾಗ ಮಾತ್ರ ಗೊರಕೆ ಬರುವವರು ಬಹಳ. ಮಗ್ಗುಲಾಗಿ ಮಲಗುವ ಅಭ್ಯಾಸ, ಬೆನ್ನಿಗೆ ಒತ್ತಾಗಿ ಇಟ್ಟ ದಿಂಬು ಅವರಿಗೆ ಸಾಕಾಗಬಹುದು. ಮಲಗುವ ಮುಂಚಿನ ಮದ್ಯ, ನಿದ್ದೆಮಾತ್ರೆ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಮೂಗು ಕಟ್ಟುವವರು ಅಲರ್ಜಿಗೆ ಚಿಕಿತ್ಸೆ ಪಡೆಯಬೇಕು. ಬೀಡಿ ಸಿಗರೇಟಿನ ವಿಷಯದಲ್ಲಿ ದಂಪತಿಗಳ ನಂಟು ಇನ್ನೂ ಗಟ್ಟಿ. ಸ್ವೀಡನ್ ಸೇರಿ ಐದು ದೇಶಗಳ 15 ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೇದುವವರ ಪೈಕಿ ಶೇ 24, ಎಂದೂ ಸೇದದವರ ಪೈಕಿ ಶೇ 14ರಷ್ಟು ಜನ ಸದಾ ಗೊರಕೆಯವರು. ತಾವು ಸೇದದಿದ್ದರೂ ಮನೆಯಲ್ಲಿ ಇನ್ನೊಬ್ಬರ ಹೊಗೆ ಕುಡಿಯುವವರಲ್ಲಿ ಅದು ಶೇ 20ರ ಹತ್ತಿರವಿತ್ತು. ಗಂಡ ಸೇದಿದ ಹೊಗೆ ಹೆಂಡತಿಯ ಗೊರಕೆಗೂ ಕಾರಣವಾಗಬಹುದು ಎಂದರ್ಥ. ತೂಕದ ಬಗ್ಗೆ ಕರೋಲಿನ್‌ಸ್ಕಾದ 2009ರ ಪ್ರಯೋಗ ಗಟ್ಟಿ ಪುರಾವೆ. ಸ್ಥೂಲಕಾಯದ 63 ಗಂಡಸರಲ್ಲಿ ಒಂದು ಗುಂಪಿಗೆ ವೈದ್ಯರ ನಿಗಾದಲ್ಲಿ ಏಳು ವಾರ ಅತಿ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟರು. ಇನ್ನೊಂದು ಗುಂಪಿಗಿಂತ ಅವರ ತೂಕ ಸುಮಾರು 20 ಕೆ.ಜಿ. ಕಡಿಮೆಯಾಯಿತು, ಉಸಿರಿನ ತಡೆ ಗಂಟೆಗೆ 37ರಿಂದ 12ಕ್ಕೆ ಇಳಿಯಿತು. ಹಾಗೆಂದು ಎಲ್ಲ ಗೊರಕೆಯೂ ಬೊಜ್ಜಿನದಲ್ಲ. ತೆಳ್ಳಗಿದ್ದೂ ದವಡೆ ಚಿಕ್ಕದಾದವರು, ಟಾನ್ಸಿಲ್ ದೊಡ್ಡದಾದವರು ಗೊರಕೆ ಹೊಡೆಯುತ್ತಾರೆ. ಅವರಿಗೆ ‘ತೂಕ ಇಳಿಸು’ ಎಂಬ ಉಪದೇಶ ಬರೀ ನೋವು ಕೊಡುತ್ತದೆ.

ಇವುಗಳಿಂದ ಆಗದಿದ್ದಾಗ ಸಾಧನಗಳ ಸರದಿ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ಲೋಕಕ್ಕೆ ತಿಳಿಸಿದ, ಸಿಪ್ಯಾಪ್ ಎಂಬ ಗಾಳಿಯೊತ್ತಡದ ಯಂತ್ರ ಮೂಗಿನ ಮೂಲಕ ಹದವಾದ ಒತ್ತಡದಲ್ಲಿ ಗಾಳಿ ಕಳಿಸಿ ಗಂಟಲು ಕುಸಿಯದಂತೆ ತಡೆಯುತ್ತದೆ. ಮಧ್ಯಮ ಮತ್ತು ತೀವ್ರ ಆಪ್ನಿಯಾಕ್ಕೆ ಇಂದಿಗೂ ಇದೇ ಮೊದಲ ಆಯ್ಕೆ. ಮುಖವಾಡ ಸೋರುವುದು, ಬಾಯಿ ಒಣಗುವುದು, ಉಸಿರು ಕಟ್ಟಿದಂತಾಗುವುದು ಎಂದು ಬೇಸತ್ತು ಅನೇಕರು ಮೊದಲ ವಾರಗಳಲ್ಲೇ ಕೈಬಿಡುತ್ತಾರೆ. ಆ ವಾರಗಳನ್ನು ದಾಟಿಸಲು ಜೊತೆಗಾರರ ತಾಳ್ಮೆ ಬೇಕು; ಯಂತ್ರದ ಮೆಲುಸದ್ದು ಗೊರಕೆಯ ಮುಂದೆ ಏನೂ ಅಲ್ಲ. ಕತ್ತರಿ ಹಾಕಿಸಿಕೊಳ್ಳುವ ಮುನ್ನ ಮಾತ್ರ ಎರಡು ಸಲ ಯೋಚಿಸಬೇಕು. ಸ್ವೀಡನ್ನಿನಲ್ಲಿ ವೈದ್ಯಕೀಯ ವಿಧಾನಗಳನ್ನು ತೂಗಿ ನೋಡುವ ಸರ್ಕಾರಿ ಸಂಸ್ಥೆ ಎಸ್‌ಬಿಯು 2007ರ ವರದಿಯಲ್ಲಿ ಸಿಪ್ಯಾಪ್ ಮತ್ತು ದವಡೆ ಸಾಧನಕ್ಕೆ ಪುರಾವೆ ಇದೆ, ಅಂಗುಳದ ಶಸ್ತ್ರಚಿಕಿತ್ಸೆಗೆ ಸಾಕಷ್ಟಿಲ್ಲ, ಅದರಿಂದ ನುಂಗುವ ತೊಂದರೆ ಉಳಿಯುವುದುಂಟು ಎಂದು ಹೇಳಿತು. ಆ ಮಾತಿಗೆ ಉತ್ತರವೆಂಬಂತೆ 2013ರಲ್ಲಿ ಕರೋಲಿನ್‌ಸ್ಕಾದ ನಾನ್ನಾ ಬ್ರೊವಾಲ್ಡ್, ಡೇನಿಯೆಲ್ ಫ್ರೀಬರ್ಗ್ ಮತ್ತು ಸಂಗಡಿಗರು, ಸಾಧನಗಳು ಒಗ್ಗದ 65 ರೋಗಿಗಳನ್ನು ಆರಿಸಿಕೊಂಡು ನಡೆಸಿದ ಪ್ರಯೋಗ ಪ್ರಕಟಿಸಿದರು. ಶಸ್ತ್ರಚಿಕಿತ್ಸೆ ಆದವರಲ್ಲಿ ಉಸಿರಿನ ತಡೆ ಗಂಟೆಗೆ 53ರಿಂದ 21ಕ್ಕೆ ಇಳಿದಿತ್ತು. ಸರಿಯಾಗಿ ಆರಿಸಿದ ಕೆಲವರಿಗೆ ಇದು ನೆರವಾಗುತ್ತದೆ. ಎಲ್ಲರಿಗೂ ಮೊದಲ ಮದ್ದಲ್ಲ. ಗೋಥೆನ್‌ಬರ್ಗಿನಲ್ಲಿ ಅಪಸ್ಮಾರದ ಹಳೆಯ ಔಷಧ ಸಲ್ಥಿಯಾಮ್ ಅನ್ನು ಆಪ್ನಿಯಾಕ್ಕೆ ಬಳಸಿ ನೋಡುವ ಪ್ರಯೋಗಗಳು ಭರವಸೆ ಹುಟ್ಟಿಸಿವೆ. ಅದು ಮನೆಮನೆಗೆ ಬರುವ ತನಕ ಜಾಹೀರಾತಿನ ಸ್ಪ್ರೇ, ಉಂಗುರ, ಮೂಗಿನ ಕ್ಲಿಪ್ಪುಗಳಿಗೆ ದುಡ್ಡು ಸುರಿಯುವುದಕ್ಕಿಂತ ಒಂದು ರಾತ್ರಿಯ ಪರೀಕ್ಷೆ ಮೇಲು.

ಬೇರೆ ಕೋಣೆಯಲ್ಲಿ ಮಲಗಿದರೆ ಮುಗಿಯಿತಲ್ಲ ಎನ್ನುವವರೂ ಇದ್ದಾರೆ. ಅವರ ಮಾತನ್ನು ಹಗುರವಾಗಿ ತಳ್ಳುವಂತಿಲ್ಲ. ಸ್ವೀಡನ್ನಿನ ದಂಪತಿಗಳು ಒಂದೇ ಮಂಚದಲ್ಲಿ ಎರಡು ಪ್ರತ್ಯೇಕ ಹೊದಿಕೆ ಹೊದ್ದು ಮಲಗುವುದು ವಾಡಿಕೆ. ಒಬ್ಬರಿಗೆ ಸೆಕೆ, ಒಬ್ಬರಿಗೆ ಚಳಿ ಎಂಬ ಜಗಳಕ್ಕೆ ಅದು ಪರಿಹಾರ, ಅದರಿಂದ ಪ್ರೀತಿ ಕಡಿಮೆಯಾಯಿತೆಂದು ಅಲ್ಲಿ ಯಾರೂ ಭಾವಿಸುವುದಿಲ್ಲ. ಹಾಗೆಯೇ ಬೇರೆ ಮಲಗುವುದೂ ದಾಂಪತ್ಯದ ಸೋಲಲ್ಲ. ಎರಡು ಕೋಣೆಯಿದ್ದು, ಇಬ್ಬರೂ ಮಾತಾಡಿಕೊಂಡು ಹಾಗೆ ಮಾಡಿದರೆ ನಿದ್ದೆ ಖಂಡಿತ ಸುಧಾರಿಸುತ್ತದೆ. ತೊಡಕಿರುವುದು ಬೇರೆ ಕಡೆ. ಸಾಕ್ಷಿ ಎದ್ದುಹೋದ ಮೇಲೆ ಉಸಿರು ನಿಲ್ಲುವುದನ್ನು ಕಾಣುವವರಿಲ್ಲ. ಒಬ್ಬರ ನಿದ್ದೆ ಉಳಿಯುತ್ತದೆ, ಇನ್ನೊಬ್ಬರ ಕಾಯಿಲೆ ಮುಚ್ಚಿಹೋಗುತ್ತದೆ. ಆದ್ದರಿಂದ ಕ್ರಮ ಮುಖ್ಯ: ಮೊದಲು ಪರೀಕ್ಷೆ, ಆಮೇಲೆ ಬೇಕಿದ್ದರೆ ಬೇರೆ ಕೋಣೆ. ಕಿವಿಗೆ ಹತ್ತಿ, ಇಯರ್‌ಪ್ಲಗ್ ಹಾಕಿಕೊಳ್ಳುವವರಿಗೂ ಇದೇ ಮಾತು.

ಕರ್ನಾಟಕದ ಮನೆಗಳಲ್ಲಿ ಎರಡನೇ ಕೋಣೆ ಎಂಬುದೇ ಬಹುಜನರಿಗೆ ಇಲ್ಲ. ಒಂದೇ ಹಾಲ್‌ನಲ್ಲಿ ಮಕ್ಕಳು, ಹಿರಿಯರು ಸಾಲಾಗಿ ಮಲಗುವಲ್ಲಿ ಗೊರಕೆ ಇಡೀ ಮನೆಯ ನಿದ್ದೆ ಕೆಡಿಸುತ್ತದೆ. ‘ಒಳ್ಳೆ ನಿದ್ದೆ ಬಂದಿದೆ, ಅದಕ್ಕೇ ಗೊರಕೆ’ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಆಪ್ನಿಯಾ ಇರಬಹುದೆಂದು ದೆಹಲಿಯ ಏಮ್ಸ್ ತಜ್ಞರು 2023ರಲ್ಲಿ ಅಂದಾಜಿಸಿದ್ದಾರೆ. ಅವರ ಜೊತೆಗಾರರ ನಿದ್ದೆ ಆ ಅಂದಾಜಿನ ಹೊರಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಹಲವು ಆಸ್ಪತ್ರೆಗಳಲ್ಲೂ ನಿದ್ದೆಯ ಪರೀಕ್ಷೆ ಸಿಗುತ್ತದೆ, ಮನೆಗೆ ಒಯ್ಯುವ ಯಂತ್ರವೂ ಬಂದಿದೆ. ಗೊರಕೆಗೆಂದು ವೈದ್ಯರ ಬಳಿ ಹೋಗುವಾಗ ಒಬ್ಬರೇ ಹೋಗಬೇಡಿ. ಗಂಡ ಹೆಂಡತಿ ಇಬ್ಬರೂ ಹೋಗಿ. ಉಸಿರು ನಿಂತದ್ದನ್ನು ಕಂಡಿದ್ದರೆ ಹೇಳಿ, ಮೊಬೈಲಿನಲ್ಲಿ ದಾಖಲಿಸಿದ್ದರೆ ಕೇಳಿಸಿ. ವೈದ್ಯರು ಸಹ ‘ನಿಮಗೆ ನಿದ್ದೆ ಹೇಗೆ ಬರುತ್ತದೆ’ ಎಂಬ ಪ್ರಶ್ನೆಯನ್ನು ಪಕ್ಕದ ಕುರ್ಚಿಯಲ್ಲಿ ಕುಳಿತವರಿಗೂ ಕೇಳಲಿ. ಚಿಕಿತ್ಸೆ ಫಲಿಸಿತೆಂದು ಬರೆಯುವುದು ಇಬ್ಬರೂ ಹೌದೆಂದ ಮೇಲೆಯೇ ಆಗಲಿ.